ಬಿಸಿಲಿನ ತಪ್ಪಿಗೆ ಹಾಪ್ ಹೂವಿಗೆ ಬೈಗುಳ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳ ಬಿಯರ್) ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದುಗನಾಗಿ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಮೂವತ್ತೊಂದು ವರ್ಷ ಪ್ರಯೋಗಾಲಯದಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುತ್ತಿದ್ದವನು ನಾನು. ಗಡಸುತನ, ಕ್ಲೋರಿನ್, ಬಣ್ಣ, ವಾಸನೆ ಎಲ್ಲಕ್ಕೂ ಒಂದೊಂದು ಖಾನೆಯಿದ್ದ ರಿಜಿಸ್ಟರಿನಲ್ಲಿ ಸಹಿ ಹಾಕಿ ಹಾಕಿ, ಯಾರಾದರೂ ವಾಸನೆಯ ಬಗ್ಗೆ ಬರೆದರೆ ಅದರ ಕಾರಣ ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡುವ ಚಾಳಿ ನಿವೃತ್ತಿಯಾದರೂ ಹೋಗಿಲ್ಲ. ಮದ್ಯದ ಬಗ್ಗೆ ಪತ್ರಿಕೆ ಬರೆಯಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಬಂದಿಲ್ಲ. ಬರೆದ ಮೇಲೆ ಸರಿಯಾಗಿ ಬರೆಯಲಿ ಎನ್ನುವುದಷ್ಟೇ ನನ್ನ ತಕರಾರು.

ಲೇಖಕರು ಹಾಪ್ ಹೆಚ್ಚಾಗಿರುವ ಒಂದು ಪಿಲ್ಸ್ನರ್, ಅಂದರೆ ತಿಳಿ ಬಣ್ಣದ ಒಂದು ಬಗೆಯ ಬಿಯರ್, ಕುಡಿದು, ಅದರಲ್ಲಿ ‘ಸುಟ್ಟ ರಬ್ಬರಿನಂಥ ಕಮಟು’ ಇತ್ತು ಎಂದಿದ್ದಾರೆ. ‘ಹಾಪ್ ಎಂಬ ಕಹಿ ಸೊಪ್ಪನ್ನು ಮಿತಿಮೀರಿ ಸುರಿದರೆ ಹೀಗಾಗುತ್ತದೆ’ ಎಂದು ತೀರ್ಪನ್ನೂ ಕೊಟ್ಟಿದ್ದಾರೆ. ಅದರ ಪಕ್ಕದಲ್ಲೇ ನಿಮ್ಮ ಛಾಯಾಗ್ರಾಹಕರು ತೆಗೆದ ದೊಡ್ಡ ಚಿತ್ರ: ಮೇಜಿನ ಮೇಲೆ ಬಿಳಿ ಗಾಜಿನ ಬಾಟಲಿ, ಪಕ್ಕದಲ್ಲಿ ತುಂಬಿದ ಲೋಟ, ಎರಡರ ಮೂಲಕವೂ ಹಾದು ಬರುತ್ತಿರುವ ಇಳಿಹೊತ್ತಿನ ಬಿಸಿಲು. ಚಿತ್ರ ಚೆಂದವಾಗಿದೆ, ಸುಳ್ಳು ಹೇಳಲಾರೆ. ಆದರೆ ಲೇಖಕರು ಹುಡುಕುತ್ತಿದ್ದ ಅಪರಾಧಿ ಆ ಚಿತ್ರದಲ್ಲೇ ನಿಂತಿದ್ದಾನೆ. ಆ ಕಮಟು ಹಾಪಿನದಲ್ಲ, ಬಿಸಿಲಿನದು.

ಲೇಖಕರನ್ನು ಹಂಗಿಸಲು ಹೀಗೆ ಬರೆಯುತ್ತಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ವಾಸನೆ ಗುರುತಿಸುವುದಕ್ಕೇ ಸಂಬಳ ಪಡೆಯುತ್ತಿದ್ದ ಕಾಲದಲ್ಲಿ. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯ ಸಂಜೆ ನನ್ನ ಕೈಗೆ ಒಂದು ಹಸಿರು ಬಾಟಲಿ ಬಂತು. ಅದು ಎಷ್ಟು ದಿನದಿಂದ ಟ್ಯೂಬ್‌ಲೈಟಿನ ಕೆಳಗೆ, ಗಾಜಿನ ಬಾಗಿಲ ಹಿಂದೆ ನಿಂತಿತ್ತೋ ಗೊತ್ತಿಲ್ಲ. ಒಂದು ಗುಟುಕಿಗೇ ಮುಖ ಕಿವುಚಿ, ‘ಹಾಪ್ ಹಾಪ್ ಎಂದು ಕುಣಿಯುತ್ತಾರಲ್ಲ, ಇದೇನಾ?’ ಎಂದು ಲೋಟ ಕೆಳಗಿಟ್ಟೆ. ಆಮೇಲೆ ನಾಲ್ಕು ವರ್ಷ, ಕೇಳಿದವರಿಗೂ ಕೇಳದವರಿಗೂ ಹಾಪ್ ಎಂದರೆ ರಬ್ಬರ್ ಎಂದೇ ಹೇಳಿಕೊಂಡು ಬಂದೆ. ಕಾರಣ ಪರೀಕ್ಷಿಸಲಿಲ್ಲ. ನೀರಿನ ಸ್ಯಾಂಪಲ್ಲಿಗೆ ಹಾಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ನನ್ನ ಕಣ್ಣು ತೆರೆಸಿದವನು ಅಕ್ಕನ ಮಗ. ಸಣ್ಣದೊಂದು ಬ್ರೂವರಿಯಲ್ಲಿ ಕೆಲಸ ಮಾಡುತ್ತಾನೆ. ಬಿಯರ್ ಮಾಡುವುದು ಎಂದರೆ ಮುಕ್ಕಾಲು ಪಾಲು ಟ್ಯಾಂಕು ತೊಳೆಯುವುದು ಎನ್ನುತ್ತಾನೆ. ಈಚೆಗೆ ಬಂದಾಗ ಚೀಲದಿಂದ ಕಂದು ಗಾಜಿನ ಮೂರು ಬಾಟಲಿ ತೆಗೆದು ನೇರ ಫ್ರಿಜ್ಜಿನೊಳಗಿಟ್ಟ. ಜೊತೆಗೆ ಗಾಳಿಯಾಡದಂತೆ ಮುಚ್ಚಿದ ಒಂದು ಸಣ್ಣ ಪೊಟ್ಟಣ. ನಾನು ನನ್ನ ರಬ್ಬರ್ ಪುರಾಣ ಶುರುಮಾಡುತ್ತಿದ್ದಂತೆ, “ಮೊದಲು ಮೂಸಿ ನೋಡಿ ಮಾವ, ಬೈಯೋದು ಆಮೇಲೆ ಇದ್ದೇ ಇದೆ” ಎಂದು ಪೊಟ್ಟಣ ಕತ್ತರಿಸಿ ನನ್ನ ಅಂಗೈಗೆ ಸುರಿದ.

ಮೊದಲನೆಯದಾಗಿ, ಅದು ಸೊಪ್ಪಲ್ಲ. ಹೂ. ಹಾಪ್ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂಗೊಂಚಲು, ಹೆಬ್ಬೆರಳ ತುದಿಯಷ್ಟು ದಪ್ಪದ, ಕಾಗದದಂಥ ಎಸಳುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುವ ಹಸಿರು ಮೊಗ್ಗು. ಎಸಳು ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ. ಲುಪ್ಯುಲಿನ್ ಅನ್ನುತ್ತಾರೆ. ಕಹಿಯೂ ಘಮವೂ ಇರುವುದು ಆ ಪುಡಿಯಲ್ಲಿ. ಎರಡೂ ಅಂಗೈ ನಡುವೆ ಇಟ್ಟು ಬಿಸಿಯಾಗುವಷ್ಟು ಉಜ್ಜಿ ಮೂಗಿಗೆ ಹಿಡಿದೆ. ಆಗಷ್ಟೇ ಕತ್ತರಿಸಿದ ಹುಲ್ಲು, ನಿಂಬೆ ಸಿಪ್ಪೆ, ಹಸಿ ದ್ರಾಕ್ಷಿ, ಕೊನೆಯಲ್ಲಿ ಎಲ್ಲೋ ಒಂದಿಷ್ಟು ಕರಿಮೆಣಸು. ರಬ್ಬರ್ ಎಲ್ಲೂ ಇಲ್ಲ. ಅಂಟು ಮಾತ್ರ ಸೋಪು ಹಾಕಿ ಎರಡು ಸಲ ತೊಳೆದರೂ ಬಿಡಲಿಲ್ಲ.

ಲೇಖನದಲ್ಲಿ ‘ಹಾಪ್ ಹಾಕುವುದು ಕಹಿಗಾಗಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಆ ಹಳದಿ ಪುಡಿಯಲ್ಲಿ ಎರಡು ಬಗೆಯ ಸರಕಿದೆ. ಒಂದು ಆಲ್ಫಾ ಆಮ್ಲಗಳು. ಅವು ಇದ್ದ ಹಾಗೇ ನೀರಿನಲ್ಲಿ ಕರಗುವುದೂ ಕಡಿಮೆ, ಕಹಿಯೂ ಕಡಿಮೆ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಕಷಾಯದಲ್ಲಿ ಒಂದು ಗಂಟೆ ಕುದಿಸಿದಾಗ ರೂಪ ಬದಲಿಸಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಕಹಿ ಎಂದು ನಮಗೆ ಗೊತ್ತಿರುವುದು ಅದೇ. ಇನ್ನೊಂದು ಎಣ್ಣೆಗಳು: ಮೈರ್ಸೀನ್, ಹ್ಯೂಮ್ಯುಲೀನ್, ಲಿನಾಲೂಲ್ ಮುಂತಾದವು. ಘಮ ಅವುಗಳದ್ದು. ಕುದಿಸಿದರೆ ಅವು ಆವಿಯ ಜೊತೆ ಹಾರಿಹೋಗುತ್ತವೆ. ಅಂದರೆ ಕುದಿಸಿದರೆ ಕಹಿ ಬರುತ್ತದೆ, ಘಮ ಹೋಗುತ್ತದೆ. ಘಮ ಬೇಕಾದವರು ಹುದುಗು ಮುಗಿದು ತಣ್ಣಗಾದ ಬಿಯರಿಗೆ ಇನ್ನಷ್ಟು ಹೂ ಹಾಕಿ ಕೆಲವು ದಿನ ನೆನೆಸುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು. ಅದರಿಂದ ಕಹಿ ಹೆಚ್ಚೇನೂ ಏರುವುದಿಲ್ಲ. ‘ಹಾಪಿ’ ಎಂದು ಬಾಟಲಿಯ ಮೇಲೆ ಬರೆದದ್ದನ್ನು ಲೇಖಕರು ‘ಕಹಿಯಾದ’ ಎಂದು ಅನುವಾದಿಸಿದ್ದಾರಲ್ಲ, ಎಡವಿದ್ದು ಅಲ್ಲೇ. ಹಾಪ್ ಹೆಚ್ಚು ಎಂದಾಕ್ಷಣ ಕಹಿ ಹೆಚ್ಚು ಎಂದೇನಿಲ್ಲ.

ಅಳಿಯ ತಂದ ಬಾಟಲಿಯಿಂದ ನಾವು ಕುಡಿದ ಪಿಲ್ಸ್ನರೂ ಆ ಬಗೆಯದೇ. ಕುದಿಯುವಾಗ ಚೆಕ್ ದೇಶದ ಝಾಟೆಟ್ಸ್ ಊರಿನ ಸಾಝ್ ಹಾಪ್, ತಣಿದ ಮೇಲೆ ನ್ಯೂಜಿಲೆಂಡಿನ ನೆಲ್ಸನ್ ಸಾವಿನ್. ಪಿಲ್ಸ್ನರಿಗೆ ಹೀಗೆ ಹೂ ನೆನೆಸುವ ದಾರಿಯನ್ನು ಈಗ ‘ಇಟಾಲಿಯನ್ ಪಿಲ್ಸ್ನರ್’ ಎಂದೇ ಕರೆಯುತ್ತಾರೆ. 1996ರಲ್ಲಿ ಇಟಲಿಯ ಸಣ್ಣ ಬ್ರೂವರಿಯೊಂದು ತಂದ ಟಿಪೊಪಿಲ್ಸ್ ಎಂಬ ಬಿಯರ್ ಅದಕ್ಕೆ ಮೇಲ್ಪಂಕ್ತಿ. ಅಲ್ಲಿ ಬಳಸಿದ್ದು ಜರ್ಮನಿಯ ಮೆದು ಘಮದ ಹೂಗಳು. ನನ್ನ ಅಳಿಯನ ಬ್ರೂವರಿಯವರು ಸ್ವಲ್ಪ ಮುಂದೆ ಹೋಗಿ ದ್ರಾಕ್ಷಿ ಘಮದ ಹೂವನ್ನು ಹಿಡಿದಿದ್ದಾರೆ.

ಈಗ ಲೋಟದ ವಿಷಯ. ನಾನು ತೊಳೆದಿಟ್ಟ ಲೋಟವನ್ನು ಅವನು ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಬರೀ ನೀರಿನಲ್ಲಿ ಜಾಲಾಡಿದ. ಒಳಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತರೆ ಲೋಟದಲ್ಲಿ ಜಿಡ್ಡಿದೆ ಎಂದರ್ಥವಂತೆ. ಜಿಡ್ಡು ನೊರೆಯ ಶತ್ರು. ನನ್ನ ಲೋಟವನ್ನು ಪ್ರಯೋಗಾಲಯದಲ್ಲಿ ಯಾರೂ ಹೀಗೆ ಅನುಮಾನಿಸಿರಲಿಲ್ಲ. ಸುಮ್ಮನಿದ್ದೆ. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಟ್ಟು ಬಗ್ಗಿಸಿದ. ಎಂಟು ಡಿಗ್ರಿಯ ಆಸುಪಾಸಿತ್ತು. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ, ನಗಬೇಡಿ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಘಮ ಮೇಲೇಳುವುದೇ ಇಲ್ಲ.

ಬಣ್ಣ ತಿಳಿ ಹುಲ್ಲಿನದು, ಹಿಂದಿಟ್ಟ ಪತ್ರಿಕೆಯ ಅಕ್ಷರ ಓದಬಹುದಾದಷ್ಟು ತಿಳಿ. (ಓದಿದ್ದು ನಿಮ್ಮದೇ ಪತ್ರಿಕೆ.) ಎರಡು ಬೆರಳು ದಪ್ಪದ ನೊರೆ ಸೋಪಿನ ಗುಳ್ಳೆಯಂತಿರದೆ ಒತ್ತಾಗಿ ನಿಂತಿತು. ಲೋಟ ಬರಿದಾಗುತ್ತ ಬಂದಂತೆ ಒಂದೊಂದು ಗುಟುಕಿಗೂ ಗೋಡೆಯ ಮೇಲೆ ಬಳೆಯಂತೆ ಒಂದೊಂದು ಗುರುತು ಬಿಟ್ಟಿತು. ಬಾರ್ಲಿಯ ಪ್ರೋಟೀನಿಗೂ ಹಾಪಿನ ಕಹಿಗೂ ಗಂಟು ಬಿದ್ದಾಗ ನೊರೆ ಹೀಗೆ ಗಟ್ಟಿಯಾಗುತ್ತದೆ. ಮೂಗಿಗೆ ಮೊದಲು ಬಂದದ್ದು ಅಂಗೈಯ ಹೂವಿನ ಘಮವೇ, ಆದರೆ ಹುಲ್ಲಿನ ಹಸಿತನ ಇಳಿದು ದ್ರಾಕ್ಷಿ ಮೇಲೆದ್ದಿತ್ತು. ಅದರಡಿಯಲ್ಲಿ ಹಸಿ ಹಿಟ್ಟು ಬೇಯುವಾಗ ಬರುವಂಥ ಮಾಲ್ಟಿನ ವಾಸನೆ. ನಾಲಗೆಯ ಮೇಲೆ ಒಂದು ಕ್ಷಣ ಸಿಹಿ ಎನ್ನಿಸಿತು. ಅಷ್ಟರಲ್ಲಿ ಕಹಿ ಬಂತು, ಕೂತಿತು, ಹೇಳದೆ ಕೇಳದೆ ಎದ್ದುಹೋಯಿತು. ಬಾಯಿ ಒಣಗಿದಂತಾಗಿ ಕೈ ತಾನಾಗಿ ಲೋಟದತ್ತ ಹೋಯಿತು. ನನಗೆ ಹಿಡಿಸಿದ್ದು ಕಹಿ ಹೀಗೆ ಎದ್ದುಹೋಗುವ ರೀತಿ. ನುಂಗಿದ ಮೇಲೂ ನಾಲಗೆಯನ್ನು ಕೆರೆಯುತ್ತ ಕೂರುವ ಕಹಿ ಬೇರೆ, ಅದು ಒರಟು. ಒಂದು ಕೊರತೆಯನ್ನೂ ಹೇಳಬೇಕು: ಲೋಟದ ಕೊನೆಗೆ, ಬಿಯರ್ ಬಿಸಿಯಾಗುತ್ತ ಬಂದಾಗ, ದ್ರಾಕ್ಷಿ ಘಮ ತುಸು ಅತಿಯಾಗಿ ಮಾಲ್ಟನ್ನು ಮುಚ್ಚಿಹಾಕಿತು. ನಾನಾಗಿದ್ದರೆ ಆ ಹೂವನ್ನು ಸ್ವಲ್ಪ ಹಿಡಿದು ಹಾಕುತ್ತಿದ್ದೆ. ಅಳಿಯನಿಗೆ ಹೇಳಿದೆ, ಮುಖ ಸಣ್ಣದು ಮಾಡಿಕೊಂಡ.

ಬಾಟಲಿಯ ಮೇಲಿನ ‘35 ಐಬಿಯು’ ನೋಡಿ ಲೇಖಕರು ಹೆದರಿದಂತಿದೆ. ಐಬಿಯು ಬಿಯರಿನ ಕಹಿಯ ಅಳತೆ; ಒಂದು ಐಬಿಯು ಎಂದರೆ ಸರಿಸುಮಾರು ಲೀಟರಿಗೆ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ, ಅಷ್ಟೇ. ಮೂವತ್ತೈದು ಪಿಲ್ಸ್ನರಿಗೆ ಮಾಮೂಲಿ ಸಂಖ್ಯೆ. ಮೀಟರು ತೋರಿಸುವುದು ಒಂದು, ನಾಲಗೆ ಹೇಳುವುದು ಇನ್ನೊಂದು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನ ಒಂದೇ ಅಂಕಿಯ ಎರಡು ನೀರುಗಳಲ್ಲಿ ಒಂದು ಸಪ್ಪೆ, ಒಂದು ಉಪ್ಪುಪ್ಪು ಇದ್ದುದನ್ನು ನಾನು ಕುಡಿದಿದ್ದೇನೆ.

ನೀರಿನ ಮಾತು ಬಂದ ಮೇಲೆ ನನ್ನನ್ನು ತಡೆಯುವುದು ಕಷ್ಟ. ಲೇಖನದಲ್ಲಿ ಎಲ್ಲವೂ ಇತ್ತು, ನೀರೊಂದೇ ಇರಲಿಲ್ಲ. ಪಿಲ್ಸ್ನರ್ ಹುಟ್ಟಿದ್ದು ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ. 1838ರಲ್ಲಿ ಅಲ್ಲಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ ಮೂವತ್ತಾರು ಪೀಪಾಯಿಯಷ್ಟನ್ನು ಊರಿನ ಸಭಾಭವನದೆದುರು ಚೆಲ್ಲಿದರು. ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಈಗಿನ ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬಿಯರ್ ಮಾಡುವವನನ್ನು ಕರೆಸಿದರು. ಅವನಿಗೆ ಇಪ್ಪತ್ತೊಂಬತ್ತು ವರ್ಷ. 1842ರ ಅಕ್ಟೋಬರ್ 5ರಂದು ಮೊದಲ ಹಂಡೆ ಇಳಿಸಿದ. ಲೇಖಕರು ಪಿಲ್ಸ್ನರ್ ಜರ್ಮನ್ನರದು ಎಂದಿದ್ದಾರೆ. ಊರು ಬೊಹೀಮಿಯಾದ್ದು (ಇಂದಿನ ಚೆಕ್ ದೇಶದ ಭಾಗ), ಕೈ ಬವೇರಿಯಾದ್ದು. ಅರ್ಧ ಅಂಕ ಕೊಡಬಹುದು.

ಗ್ರೋಲನ ಕೈಗೆ ಸಿಕ್ಕದ್ದು ನಾಲ್ಕು: ತಿಳಿ ಬಣ್ಣಕ್ಕೆ ಹುರಿದ ಮಾಲ್ಟ್, ಹತ್ತಿರದ ಸಾಝ್ ಹಾಪ್, ತಣ್ಣನೆಯಲ್ಲಿ ನಿಧಾನ ಕೆಲಸ ಮಾಡುವ ಲಾಗರ್ ಯೀಸ್ಟ್, ಮತ್ತು ಆ ಊರಿನ ನೀರು. ಅದರಲ್ಲಿ ಕ್ಯಾಲ್ಸಿಯಂ ಲೀಟರಿಗೆ ಹತ್ತು ಮಿಲಿಗ್ರಾಂನ ಆಸುಪಾಸು. ನಾನು ನೋಡಿದ ಬೋರ್‌ವೆಲ್ ಸ್ಯಾಂಪಲ್ಲುಗಳ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮಳೆನೀರು. ಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ತಿಳಿ ಮಾಲ್ಟನ್ನು ನೆನೆಸಿದರೆ ಆಮ್ಲದ ಹದ ತೋರಿಸುವ ಪಿಎಚ್ ಬೇಕಾದಷ್ಟು ಇಳಿಯದೆ, ಸಿಪ್ಪೆಯಿಂದ ಟ್ಯಾನಿನ್ ಬಿಟ್ಟು ಬಾಯೆಲ್ಲ ಒಗರಾಗುತ್ತದೆ, ಹಾಪಿನ ಕಹಿಯೂ ಒರಟಾಗುತ್ತದೆ. ಕಪ್ಪಗೆ ಹುರಿದ ಮಾಲ್ಟಿನಲ್ಲಿ ಸ್ವಲ್ಪ ಆಮ್ಲವಿರುವುದರಿಂದ ಆ ನೀರಿಗೆ ಅದು ಹೊಂದುತ್ತದೆ. ಮ್ಯೂನಿಕ್ಕಿನ ಹಳೆಯ ಬಿಯರುಗಳು ಕಪ್ಪಾಗಿದ್ದುದರ ಹಿಂದೆ ಈ ಲೆಕ್ಕವೂ ಇದೆ. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಸಲ್ಫೇಟ್ ವಿಪರೀತ, ಅಲ್ಲಿ ಕಹಿ ಚೂಪಾಗಿ ಏಳುವ ಪೇಲ್ ಏಲ್ (ಏಲ್ ಎಂದರೆ ಬೆಚ್ಚಗೆ, ಬೇಗ ಹುದುಗುವ ಬಿಯರ್) ಬೆಳೆಯಿತು. ಪಿಲ್ಸೆನ್ನಿನ ನೀರು ಏನನ್ನೂ ಸೇರಿಸಲಿಲ್ಲ, ಏನನ್ನೂ ತಡೆಯಲಿಲ್ಲ. ಇವತ್ತು ಎಲ್ಲಿ ಬೇಕಾದರೂ ನೀರನ್ನು ಆರ್‌ಒ ಮಾಡಿ, ಬೇಕಾದ ಲವಣ ತೂಗಿ ಹಾಕಿ ಹದಕ್ಕೆ ತರಬಹುದು. ಅಳಿಯ ತನ್ನ ನೀರಿನ ರಿಪೋರ್ಟನ್ನು ಫೋನಿನಲ್ಲಿ ತೋರಿಸಿದಾಗ, ನಿವೃತ್ತಿಯ ನಂತರ ಮೊದಲ ಬಾರಿಗೆ ನನ್ನ ಕೆಲಸವನ್ನು ಯಾರೋ ಕುಡಿಯಲು ಕೊಟ್ಟಂತೆ ಅನ್ನಿಸಿತು.

‘ಪಿಲ್ಸ್ನರ್ ಹೊಸಬರಿಗೆ, ಅದರಲ್ಲಿ ಕಸುಬೇನಿಲ್ಲ’ ಎಂಬ ಸಾಲಿಗೆ ಕೆಂಪು ಪೆನ್ನು ಎರಡು ಸಲ ಓಡಿತು. ಹುರಿದ ಮಾಲ್ಟಿನ ಕಪ್ಪು ಬಿಯರಿನಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಇಲ್ಲಿ ಮುಚ್ಚಲು ಸೆರಗೇ ಇಲ್ಲ. ಕುದಿ ಸಾಲದಿದ್ದರೆ ಬೆಂದ ಜೋಳದ ವಾಸನೆ, ಯೀಸ್ಟಿಗೆ ಹುದುಗು ಮುಗಿಸಲು ಬಿಡುವು ಕೊಡದಿದ್ದರೆ ಬೆಣ್ಣೆಯ ವಾಸನೆ. ಹುದುಗುವುದು ಹತ್ತು ಡಿಗ್ರಿಯ ಆಚೀಚೆ, ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಸುಮ್ಮನೆ ಮಲಗಬೇಕು. “ಒಂದು ಪಿಲ್ಸ್ನರ್ ಟ್ಯಾಂಕಿನಲ್ಲಿ ಮಲಗಿರುವಷ್ಟು ಹೊತ್ತಿನಲ್ಲಿ ಎರಡು ಏಲ್ ಮಾರಿ ಮುಗಿಸಬಹುದು ಮಾವ” ಎಂದ ಅಳಿಯ.

ಇನ್ನು ಬಿಸಿಲಿನ ಪರೀಕ್ಷೆ. ಎರಡನೇ ಬಾಟಲಿಯನ್ನು ಒಂದೇ ಅಳತೆಯ ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, ಒಂದಕ್ಕೆ ಸುತ್ತಲೂ ಕಪ್ಪು ಕಾಗದ ಸುತ್ತಿ, ಎರಡಕ್ಕೂ ತಟ್ಟೆ ಮುಚ್ಚಿ, ಕಿಟಕಿಯ ಬಿಸಿಲಿನಲ್ಲಿ ಒಟ್ಟಿಗೇ ಇಟ್ಟೆ. ನೆರಳಿನಲ್ಲಿಟ್ಟಿದ್ದರೆ ವ್ಯತ್ಯಾಸ ಬಿಸಿಯದೋ ಬೆಳಕಿನದೋ ಎಂಬ ಅನುಮಾನ ಉಳಿಯುತ್ತಿತ್ತು. ಹತ್ತು ನಿಮಿಷ ಬಿಟ್ಟು ಒಳತಂದು ನನ್ನಾಕೆಯನ್ನು ಕರೆದೆ. ಅವಳು ಬಿಯರ್ ಕುಡಿಯುವವಳಲ್ಲ. ಆದರೆ ಮನೆಯಲ್ಲಿ ಗ್ಯಾಸ್ ಸೋರಿದರೆ ಮೊದಲು ಹೇಳುವವಳು ಅವಳೇ. ಕಣ್ಣು ಮುಚ್ಚಿಸಿ, ಅಳಿಯ ಲೋಟಗಳನ್ನು ಅದಲುಬದಲು ಮಾಡುತ್ತ ಮೂಗಿನ ಹತ್ತಿರ ಹಿಡಿದ. “ಇದು ಹೂವಿನದು. ಇದು… ಯಾರು ಸುಟ್ಟಿದ್ದು ಇದನ್ನ?” ಎಂದಳು. ಮೂರು ಸಲ ಬದಲಿಸಿದರೂ ಅದನ್ನೇ ಗುರುತಿಸಿದಳು. ಬರೀ ಊಹೆಯಿಂದ ಮೂರು ಸಲ ಸರಿಯಾಗುವ ಸಾಧ್ಯತೆ ಎಂಟರಲ್ಲಿ ಒಂದು, ಸಾಲದು ಎಂದು ಇನ್ನೆರಡು ಸಲ ಮಾಡಿಸಿದೆ. ಐದಕ್ಕೆ ಐದು. ಆಮೇಲೆ ನಾನು ಮೂಸಿದೆ. ಬೀಳ್ಕೊಡುಗೆಯ ಆ ಹಸಿರು ಬಾಟಲಿ ಎದುರಿಗೇ ಬಂದು ನಿಂತಿತು.

ಒಳಗೆ ನಡೆಯುವುದು ಇಷ್ಟು. ಬಿಯರಿನಲ್ಲಿ ರೈಬೋಫ್ಲೇವಿನ್ ಇದೆ, ವಿಟಮಿನ್ ಬಿ-2. ಅದು ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೀರಿ, ಆ ಶಕ್ತಿಯಿಂದ ಹಾಪಿನ ಕಹಿ ಅಣುವಿನ ಒಂದು ತುಂಡು ಮುರಿಯುವಂತೆ ಮಾಡುತ್ತದೆ. ಮುರಿದ ತುಂಡು ಬಿಯರಿನಲ್ಲಿರುವ ಗಂಧಕವನ್ನು ಸೇರಿಸಿಕೊಂಡು ಥಯೋಲ್ ಎಂಬ ಕಮಟು ಸಂಯುಕ್ತ ಆಗುತ್ತದೆ. ಅಮೆರಿಕದಲ್ಲಿ ಸ್ಕಂಕ್ ಎಂಬ ಪ್ರಾಣಿ ಹೆದರಿದಾಗ ಚಿಮ್ಮಿಸುವ ದ್ರವದ ಹತ್ತಿರದ ನೆಂಟ ಇದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ; ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ಪ್ರಯೋಗಾಲಯದ ಯಾವ ಯಂತ್ರಕ್ಕೂ ಆ ತಾಕತ್ತಿರಲಿಲ್ಲ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಅಷ್ಟಾಗಿ ಇಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ ಎನ್ನಬಹುದು. ಕ್ಯಾನಿಗೆ ಈ ಚಿಂತೆಯೇ ಇಲ್ಲ. ಬಿಳಿ ಗಾಜಿನಲ್ಲಿ ಮಾರುವ ಕೆಲವರು ಬೆಳಕಿಗೆ ಮುರಿಯದಂತೆ ಮಾರ್ಪಡಿಸಿದ ಹಾಪ್ ಸಾರ ಬಳಸುತ್ತಾರೆ. ಆದರೆ ಹೂವನ್ನೇ ನೆನೆಸಿದ ಇಂಥ ಪಿಲ್ಸ್ನರಿಗೆ ಆ ರಕ್ಷೆ ಇರುವುದಿಲ್ಲ.

ಬೆಳಕು ತಪ್ಪಿಸಿದರೂ ಕಾಲ ಬಿಡುವುದಿಲ್ಲ. ಹೂವಿನ ಘಮ ತಿಂಗಳುಗಳಲ್ಲಿ ಮಾಸುತ್ತದೆ, ಬೆಚ್ಚಗಿನ ಗೋದಾಮಿನಲ್ಲಿ ಇನ್ನೂ ಬೇಗ. ಆಮ್ಲಜನಕ ಸೇರಿದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹಾಗಾಗಿ ರುಚಿ ನೋಡಿ ಬರೆಯುವವರು ತುಂಬಿಸಿದ ದಿನಾಂಕವನ್ನೂ ಬಾಟಲಿಯ ಬಣ್ಣವನ್ನೂ ಬರೆಯಬೇಕು. ಸ್ಯಾಂಪಲ್ ತೆಗೆದ ದಿನ ಬರೆಯದ ರಿಪೋರ್ಟನ್ನು ನಾವು ಓದದೆ ವಾಪಸು ಕಳಿಸುತ್ತಿದ್ದೆವು.

ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ಪುರವಣಿಯ ಮೂಲೆಯಲ್ಲಿ ಒಂದು ತಿದ್ದುಪಡಿ: ಹಾಪ್ ಸೊಪ್ಪಲ್ಲ, ಹೂ, ಆ ಕಮಟು ಅದರದಲ್ಲ. ಜಾಗವಿದ್ದರೆ ಲೇಖಕರಿಗೆ ಅದೇ ಬಿಯರನ್ನು ಕಂದು ಬಾಟಲಿಯಲ್ಲೋ ಕ್ಯಾನಿನಲ್ಲೋ, ತುಂಬಿಸಿದ ತಿಂಗಳೊಳಗೆ, ಇನ್ನೊಮ್ಮೆ ಕುಡಿದು ಬರೆಯಲು ಹೇಳಿ. ಆಗಲೂ ಹಿಡಿಸದಿದ್ದರೆ ಅದು ಅವರ ನಾಲಗೆ, ನನ್ನ ಆಕ್ಷೇಪವಿಲ್ಲ.

ಇಂತಿ,
ನಿವೃತ್ತ ನೀರು ಪರೀಕ್ಷಕ

ಮರೆತಿದ್ದೆ: ಮೂರನೇ ಬಾಟಲಿ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿದೆ. ಬಾಗಿಲು ತೆರೆದಾಗ ಹತ್ತುವ ದೀಪ ಅದಕ್ಕೆ ಬೀಳದಂತೆ ನನ್ನಾಕೆ ಹಳೆಯ ಕಾಲುಚೀಲವೊಂದನ್ನು ತೊಡಿಸಿದ್ದಾಳೆ. ಬಾಟಲಿ ಕಂದು, ಅಗತ್ಯವಿಲ್ಲ ಎಂದೆ. “ಇರಲಿ ಬಿಡಿ” ಎಂದಳು.